ಮೂಗಿನಲ್ಲಿ ಕುಡಿದ ವೈನಿಗೆ ಪ್ರಾಯಶ್ಚಿತ್ತ

ಸುಖಪಡುವುದಕ್ಕೂ ಹಠ ಬೇಕು ಎಂದರೆ ಯಾರೂ ಒಪ್ಪುವುದಿಲ್ಲ. ಕಷ್ಟಕ್ಕೆ ಹಠ ಬೇಕು, ಸುಖಕ್ಕೇನು, ಚಾಪೆ ಹಾಸಿದರೆ ತಾನಾಗಿ ಬಂದು ಕೂರುತ್ತದೆ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಕಷ್ಟ ಕರೆಯದೆ ಬರುತ್ತದೆ. ಸುಖವನ್ನು ಕೈಹಿಡಿದು ಎಳೆದು ತರಬೇಕು. ತಂದು ಕೂರಿಸಿದ ಮೇಲೂ ಇದು ಸುಖವೇ, ಇದು ಸುಖವೇ ಎಂದು ನಮಗೆ ನಾವೇ ಹೇಳಿಕೊಳ್ಳುತ್ತಿರಬೇಕು. ಕಾಫಿಯನ್ನೇ ನೋಡಿ. ನಮ್ಮ ಮನೆಗೆ ಕಾಫಿ ಮೊದಲು ಬಂದ ದಿನ ನಮ್ಮ ತಾಯಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಸೀದಾ ಹಿತ್ತಲಿಗೆ ಹೋಗಿ ಉಗಿದು ಬಂದು, "ಇದನ್ನ ದುಡ್ಡು ಕೊಟ್ಟು ಕುಡೀತಾರಾ?" ಎಂದು ಕೇಳಿದ್ದರು. ಈಗ ಬೆಳಗಿನ ಕಾಫಿ ಸ್ವಲ್ಪ ತಡವಾದರೆ ಅವರು ಮನೆಯಲ್ಲಿ ಯಾರ ಜೊತೆಗೂ ಮಾತನಾಡುವುದಿಲ್ಲ. ನಮ್ಮ ಸೋದರಮಾವ ನಸ್ಯ ಕಲಿತದ್ದೂ ಹೀಗೆಯೇ. ಸೀನಿ ಸೀನಿ ಕಣ್ಣು ಕೆಂಡವಾದರೂ ಬಿಡಲಿಲ್ಲ. "ಊರಿಗೆಲ್ಲ ಒಗ್ಗಿದ್ದು ನನಗ್ಯಾಕೆ ಒಗ್ಗೋದಿಲ್ಲ ನೋಡೇ ಬಿಡ್ತೀನಿ" ಎಂದು ಹಠ ಹಿಡಿದು ಕಲಿತರು. ನಮ್ಮ ವಂಶದಲ್ಲಿ ಆಸ್ತಿ ಕಡಿಮೆ, ಹಠ ಧಾರಾಳ.

ಹೀಗಿರುವಾಗ ನನ್ನ ಪಾಲಿಗೆ ಬಂದದ್ದು ಕಾಫಿಯಲ್ಲ, ನಸ್ಯವಲ್ಲ, ವೈನು. ಹೌದು, ಸೀಮೆಯಿಂದ ಹಡಗಿನಲ್ಲಿ ಬರುವ ಆ ದ್ರಾಕ್ಷಿಯ ಮದ್ಯ. ಶುದ್ಧ ವೈದಿಕರ ಬೀದಿಯಲ್ಲಿ ಹುಟ್ಟಿ ಬೆಳೆದವನಿಗೆ ಇದೆಲ್ಲಿಂದ ಗಂಟುಬಿತ್ತು ಎಂದು ನೀವು ಕೇಳುವುದು ಸಹಜ. ನಾನು ಬ್ಲಫ್‌ನಲ್ಲಿ ಕರೆಂಟು ಹುಟ್ಟಿಸುವ ಕಡೆ ಆಫೀಸಿನ ಗುಮಾಸ್ತ. ಕಾವೇರಿ ಅಷ್ಟೆತ್ತರದಿಂದ ಇಳಿದು ಹುಟ್ಟಿಸಿದ ಕರೆಂಟು ಕೋಲಾರದ ಚಿನ್ನದ ಗಣಿಯ ತನಕ ಹೋಗುತ್ತದೆ. ಇಲ್ಲೇ ಪಕ್ಕದ ಮಳವಳ್ಳಿಯಲ್ಲಿ ನಮ್ಮ ತಾಯಿ ಇನ್ನೂ ಹರಳೆಣ್ಣೆ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತಿರುತ್ತಾರೆ. ನಾನೂ ನನ್ನ ಹೆಂಡತಿ ಸರಸಳೂ ಬ್ಲಫ್‌ನ ಸರ್ಕಾರಿ ಮನೆಯಲ್ಲಿ ಇದ್ದೇವೆ. ಗುಡ್ಡದ ಮೇಲಿನ ಬಂಗಲೆಯಲ್ಲಿ ದೊರೆಗಳು ಇದ್ದಾರೆ. ದೊರೆಗಳೆಂದರೆ ನಮ್ಮ ಇಂಜಿನಿಯರು, ಬಿಳಿಯರು. ಒಂಟಿ ಮನುಷ್ಯ, ಮಾತು ಕಡಿಮೆ, ಮನಸ್ಸು ಒಳ್ಳೆಯದು. ಅವರಿಗೆ ಸಂಸಾರವೆಂದರೆ ಒಂದು ನಾಯಿ, ಬಟ್ಲರ್ ಮುನಿಸ್ವಾಮಿ ಮತ್ತು ಬಾಟಲಿಗಳು.

ನನ್ನ ವಿದ್ಯೆಯ ಮೂಲ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮಪ್ಪ ಅಡಿಗೆ ರಂಗಣ್ಣ. ಮಳವಳ್ಳಿ, ಮದ್ದೂರು, ಮಂಡ್ಯ, ಈ ಮೂರು ಊರಿನ ನಡುವೆ ಯಾರ ಮನೆಯಲ್ಲಿ ಮದುವೆ ಮುಂಜಿಯಾದರೂ ಕೋಡಿ ಒಲೆಯ ಮುಂದೆ ನಿಲ್ಲುತ್ತಿದ್ದವರು ಅವರೇ. ಮಡಿಯ ಅಡಿಗೆ ಎಂದರೆ ನಿಮಗೆ ಗೊತ್ತಲ್ಲ, ದೇವರಿಗೆ ನೈವೇದ್ಯವಾಗುವ ತನಕ ಯಾವುದನ್ನೂ ನಾಲಿಗೆಗೆ ಹಾಕಿ ನೋಡುವಂತಿಲ್ಲ. ಮೂಸುವಂತೆಯೂ ಇಲ್ಲ, ಮೂಸಿದ್ದೂ ಎಂಜಲೇ. ಹಾಗಾದರೆ ಐನೂರು ಜನದ ಸಾರಿಗೆ ಉಪ್ಪು ಸಾಲದು ಎಂದು ತಿಳಿಯುವುದು ಹೇಗೆ? ಅಪ್ಪ ಕೊಳದಪ್ಪಲೆಯಿಂದ ಒಂದು ಮಾರು ದೂರ ನಿಂತು, ಕೈ ಹಿಂದೆ ಕಟ್ಟಿ, ಮುಖವನ್ನು ಬೇರೆ ಕಡೆ ತಿರುಗಿಸಿ ಸುಮ್ಮನೆ ಇರುತ್ತಿದ್ದರು. ಒಂದು ಗಳಿಗೆಯಾದ ಮೇಲೆ, "ಇನ್ನೊಂದು ಹಿಡಿ ಉಪ್ಪು, ಹುಳಿ ಸಾಕು" ಎನ್ನುತ್ತಿದ್ದರು. "ಮೂಗು ಪಾತ್ರೆ ಹತ್ತಿರ ಹೋಗಬಾರದು ಕಣೋ ಕಿಟ್ಟಿ. ವಾಸನೆ ತಾನಾಗಿ ಬಂದರೆ ಬೇಡ ಅನ್ನೋಕಾಗುತ್ತಾ?" ಎಂಬುದು ಅವರ ಧರ್ಮಶಾಸ್ತ್ರ. ಅವರ ಪಕ್ಕದಲ್ಲಿ ನಿಂತು ನಿಂತು ನನಗೂ ಅದೇ ಮೂಗು ಬಂತು. ಕೈ ಮಾತ್ರ ಬರಲಿಲ್ಲ. ನಾನು ಮಾಡಿದ ಸಾರನ್ನು ಸರಸ ಒಂದೇ ಒಂದು ಸಲ ಉಂಡಿದ್ದಾಳೆ.

ಒಂದು ಬೇಸಗೆಯಲ್ಲಿ ದೊರೆಗಳ ಬಾಟಲಿ ಪೆಟ್ಟಿಗೆ ಬೆಂಗಳೂರಿನಿಂದ ರೈಲಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಬ್ಲಫ್ ಸೇರಿತು. ದಾರಿಯಲ್ಲಿ ಬಿಸಿಲಿಗೆ ಎಷ್ಟು ಕಾದಿತ್ತೋ, ಲಾರಿ ಎಲ್ಲೆಲ್ಲಿ ನಿಂತಿತ್ತೋ. ಒಡೆದದ್ದು ಎಷ್ಟು, ಉಳಿದದ್ದು ಎಷ್ಟು ನೋಡಿ ರುಜು ಹಾಕಲು ನನ್ನನ್ನು ಬಂಗಲೆಗೆ ಕರೆಸಿದರು. ಮುನಿಸ್ವಾಮಿ ಒಂದು ಬಾಟಲಿಯ ಬಿರಡೆ ಕಿತ್ತು ಗ್ಲಾಸಿಗೆ ಬಗ್ಗಿಸಿ ದೊರೆಗಳ ಕೈಗೆ ಕೊಟ್ಟ. ನಾನು ಒಂದು ಮಾರು ದೂರದಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದೆ. ನನ್ನ ಬಾಯಿಂದ ತಾನಾಗಿ ಮಾತು ಬಂತು. "ಹುಳಿತು ಹೋಗಿದೆ ಸರ್." ದೊರೆಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಒಂದು ಗುಟುಕು ಕುಡಿದರು, ಕಿಟಕಿಯಿಂದ ಆಚೆ ಉಗಿದರು. ಉಳಿದ ಬಾಟಲಿಗಳನ್ನೂ ತೆಗೆಸಿ ನನ್ನ ಮುಂದೆ ಸಾಲಾಗಿ ಇಡಿಸಿದರು. ಯಾವುದು ಕೆಟ್ಟಿದೆ, ಯಾವುದು ನೆಟ್ಟಗಿದೆ ಎಂದು ನಾನು ಹೇಳಿದ್ದೆಲ್ಲ ಸರಿಯಾಯಿತು. ಅಂದಿನಿಂದ ಬಂಗಲೆಗೆ ಅತಿಥಿಗಳು ಬಂದರೆ ನನಗೆ ಕರೆ.

ನನ್ನ ಕೀರ್ತಿ ಹಬ್ಬಿತು. ಅತಿಥಿಗಳು ಗ್ಲಾಸಿನೊಳಗೆ ಮೂಗನ್ನು ಮುಳುಗಿಸಿ ಮುಳುಗಿಸಿ ತೆಗೆಯುವವರು. ನಾನೋ ಒಂದು ಮಾರು ದೂರ, ಕೈ ಹಿಂದೆ, ಮುಖ ನದಿಯ ಕಡೆ. ಇಂಥ ಪದ್ಧತಿಯನ್ನು ತಮ್ಮ ಸೀಮೆಯಲ್ಲಿ ಕೂಡ ಕಂಡಿಲ್ಲವೆಂದು ಅವರು ಪಿಸುಗುಟ್ಟುತ್ತಿದ್ದರು. ನಾನು ನನಗೆ ಬಂದದ್ದನ್ನು ಹೇಳುತ್ತಿದ್ದೆ. ಇದರಲ್ಲಿ ನೇರಳೆ ಹಣ್ಣಿದೆ, ಹಳೆಯ ಬೀಟೆ ಪೆಟ್ಟಿಗೆ ಇದೆ, ತಳದಲ್ಲಿ ಸ್ವಲ್ಪ ಹೊಗೆ ಇದೆ. ಇದರಲ್ಲಿ ಮಳೆ ನಿಂತ ಮಾರನೆಯ ದಿನದ ಕೊಟ್ಟಿಗೆ ಇದೆ, ಆದರೆ ಒಳ್ಳೆಯ ಕೊಟ್ಟಿಗೆ. ಅವರು ತಲೆದೂಗುತ್ತಿದ್ದರು. ಅವರಲ್ಲಿ ಯಾರೂ ಕೊಟ್ಟಿಗೆಯನ್ನು ಹೊಕ್ಕವರಲ್ಲ, ಆದ್ದರಿಂದ ಎದುರು ಹೇಳುವವರೂ ಇರಲಿಲ್ಲ. ದೊರೆಗಳು ನನಗೆ ಪಾಠವನ್ನೂ ಹೇಳಿದರು. ಮೊದಲು ಬಣ್ಣವನ್ನು ಬೆಳಕಿಗೆ ಹಿಡಿದು ನೋಡಬೇಕು, ಆಮೇಲೆ ಗ್ಲಾಸನ್ನು ಮೆಲ್ಲಗೆ ತಿರುಗಿಸಬೇಕು, ಆಮೇಲೆ ಮೂಸಬೇಕು, ಕೊನೆಗೆ ಒಂದು ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಿಕೊಂಡು ಮನಸ್ಸನ್ನು ಅಲ್ಲೇ ಇಡಬೇಕು. ಇಷ್ಟು ಹೇಳಿ ಪ್ರತಿ ಸಲವೂ ಗ್ಲಾಸು ಮುಂದೆ ಚಾಚುವರು. ಪ್ರತಿ ಸಲವೂ ನಾನು "ನೋ, ಸರ್" ಎನ್ನುವೆನು. ಆಸೆ ಇರಲಿಲ್ಲವೆಂದರೆ ಸುಳ್ಳು. ಮೂಗಿಗೆ ಇಷ್ಟು ಗೊತ್ತಾದ ಮೇಲೆ ನಾಲಿಗೆ ಪಾಪ ಒಳಗೇ ಹೊರಳುತ್ತಿತ್ತು. ಆದರೆ ಬೇಡವೆಂದರೆ ಬೇಡ. ಅದು ನನ್ನ ಮೊದಲನೆಯ ಹಠ.

ಈ ಹಠವನ್ನು ಮೆಚ್ಚಿಕೊಂಡವನು ಜಗತ್ತಿನಲ್ಲಿ ನಾನೊಬ್ಬನೇ. ಒಂದು ದಿನ ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಹೊರಟಿದ್ದೆ. ಪಕ್ಕದಲ್ಲಿ ಬೆಸಗರಹಳ್ಳಿಯ ಚಿಕ್ಕೇಗೌಡರು, ಮಗಳನ್ನು ನೋಡಲು ಹೊರಟವರು, ಬಂದು ಕೂತರು. ನಮ್ಮಪ್ಪನನ್ನು ಬಲ್ಲವರು. ಕೂತವರೇ ಬಸ್ಸಿನ ಶಬ್ದವನ್ನೂ ಮೀರಿಸಿ ಕೇಳಿದರು.

"ಅಯ್ನೋರೆ, ಬ್ಲಪ್‌ನಾಗೆ ದೊರೆಗೆ ಎಂಡದ ರುಚಿ ನೋಡ್ಕೊಡೋರು ನೀವೇಯಾ?"

"ರುಚಿ ಅಲ್ಲ ಗೌಡರೆ, ವಾಸನೆ. ಅದೂ ಹೆಂಡವಲ್ಲ, ವೈನು."

"ಕುಡಿಯಾಕಿಲ್ವಾ?"

"ಇಲ್ಲ."

"ಬರೀ ವಾಸ್ನೆ ನೋಡಿ ಬುಟ್ಬುಡ್ತೀರಾ?"

"ಹೌದು."

ಗೌಡರು ನನ್ನ ಕಡೆ ತಿರುಗಿ ಕೂತರು. ಅವರ ಮುಖದಲ್ಲಿ ಕರುಣೆ ಮೂಡಿತು. "ಅಲ್ಲ ಕಣ್ ಸಾಮಿ, ಬೀಗ್ರ ಮನೆ ಬಾಗ್ಲಲ್ಲಿ ನಿಂತ್ಕಂಡು ಬಾಡಿನ ವಾಸ್ನೆ ಕುಡ್ದು ಒಂಟೋಗೋದಾ? ಇದ್ಯಾವ ಸೀಮೆ ಬಾಳು! ಕುಡುದ್ರೆ ಕುಡೀಬೇಕು, ಬುಟ್ರೆ ಬುಡ್ಬೇಕು." ಆಮೇಲೆ ದನಿ ತಗ್ಗಿಸಿದೆನೆಂದು ತಾವು ಅಂದುಕೊಂಡು, ಹಿಂದಿನ ಸೀಟಿನವರಿಗೂ ಕೇಳುವಂತೆ, "ಏರ್ತದಾ ಅದು?" ಎಂದರು. ನನಗೆ ಗೊತ್ತಿಲ್ಲವೆಂದೆ. ಗೌಡರು ನಂಬಲಿಲ್ಲ. ಬಸ್ಸಿನಲ್ಲಿದ್ದ ಒಬ್ಬರೂ ನಂಬಲಿಲ್ಲ. ಬಸ್ಸು ಮಳವಳ್ಳಿಗೆ ಬಂದು ನಿಲ್ಲುವ ಹೊತ್ತಿಗೆ ಜನರ ಬಾಯಲ್ಲಿ ನಾನು ಕುಡಿದಿದ್ದೆ, ಸಂಜೆಯ ಹೊತ್ತಿಗೆ ದಿನಾ ಕುಡಿಯುತ್ತಿದ್ದೆ, ಮಾರನೆಯ ಬೆಳಿಗ್ಗೆ ನಮ್ಮ ಪುರೋಹಿತರಾದ ಜೋಯಿಸರ ಜಗಲಿಯ ಮೇಲೆ ದೊರೆಯ ಪಂಕ್ತಿಯಲ್ಲೇ ಕೂತು ಇನ್ನೂ ಏನೇನನ್ನೋ ತಿನ್ನುತ್ತಿದ್ದೆ.

ಇದೆಲ್ಲ ನಕ್ಕು ಬಿಡಬಹುದಾಗಿದ್ದ ಮಾತು. ಆದರೆ ಅಪ್ಪನ ಶ್ರಾದ್ಧ ಹತ್ತಿರ ಬಂದಿತ್ತು. ಜೋಯಿಸರು ಶ್ರಾದ್ಧಕ್ಕೆ ಬರುವುದಿಲ್ಲ, ಬ್ರಾಹ್ಮಣಾರ್ಥದ ಊಟಕ್ಕೂ ಯಾರನ್ನೂ ಕಳಿಸುವುದಿಲ್ಲ ಎಂದು ಅಮ್ಮನಿಗೆ ಹೇಳಿ ಕಳಿಸಿದ್ದರು. ಜೋಯಿಸರು ಕೆಟ್ಟವರಲ್ಲ. ಅರ್ಧ ಆಯುಷ್ಯ ನಮ್ಮಪ್ಪನ ಅಡಿಗೆ ಉಂಡವರು. ಸಮಾಧಾನವಾಗಿ ಮಾತನಾಡಿದರೆ ಸರಿಹೋಗುತ್ತದೆ ಎಂದುಕೊಂಡು ಅವರ ಜಗಲಿಗೆ ಹೋದೆ. ಅವರು ಕೋರ್ಟಿನ ವಕೀಲರ ಹಾಗೆ ಶುರುಮಾಡಿದರು.

"ಏನಯ್ಯಾ ಕಿಟ್ಟಿ, ಮುಟ್ಟಿದೆಯಾ?"

"ಗ್ಲಾಸನ್ನೂ ಮುಟ್ಟಿಲ್ಲ."

"ಮೂಸಿದೆಯಾ?"

"ಮೂಸಲಿಲ್ಲ. ವಾಸನೆ ಬಂತು."

"ಅದು ಬಂತೋ, ನೀನು ಹೋದೆಯೋ?"

"ಅದೇ ಬಂತು."

"ನೀನು ನಿಂತಿದ್ದಾಗ ಬಂತೋ, ಬರಲಿ ಅಂತಲೇ ನಿಂತಿದ್ದೆಯೋ?"

ಇಲ್ಲಿ ನಾನು ಸಿಕ್ಕಿಬಿದ್ದೆ. ಜೋಯಿಸರು ತೊಡೆ ತಟ್ಟಿ, "ಆಘ್ರಾಣಂ ಅರ್ಧಭೋಜನಂ! ಮೂಸಿದರೆ ಅರ್ಧ ಉಂಡ ಹಾಗೆ. ನೀನು ಅರ್ಧ ಕುಡಿದವನು. ಪ್ರಾಯಶ್ಚಿತ್ತ ಮಾಡಿಕೊ, ಬರ್ತೀನಿ" ಎಂದರು. ಆಗ ನಾನು ಬಾಯಿ ಮುಚ್ಚಿಕೊಂಡು ಬಂದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. "ಹಾಗಾದರೆ ಜೋಯಿಸರೆ, ನಿಮ್ಮ ಮಗಳ ಮದುವೆಯಲ್ಲಿ ನಮ್ಮಪ್ಪ ಒಲೆಯ ಹತ್ತಿರ ನಿಂತು ನಿಮಗಿಂತ ಮೊದಲೇ ಎಲ್ಲದರಲ್ಲೂ ಅರ್ಧರ್ಧ ಉಂಡ ಹಾಗಾಯಿತು. ನೀವೂ ಬೀಗರೂ ಉಂಡದ್ದು ಅವರ ಎಂಜಲು" ಎಂದುಬಿಟ್ಟೆ. ತರ್ಕ ಸರಿಯಾಗಿತ್ತು. ಜೋಯಿಸರು ಎದ್ದು ನಿಂತರು. ಅವರ ಜನಿವಾರ ಕೂಡ ನಡುಗುತ್ತಿತ್ತು. "ಬೇರೆ ಪುರೋಹಿತರನ್ನ ನೋಡ್ಕೋ ಹೋಗು" ಎಂದು ಒಳಗೆ ಹೋದರು. ನಾನೂ, ನೋಡಿಕೊಂಡೇ ನೋಡಿಕೊಳ್ಳುತ್ತೇನೆ, ಕುಡಿಯದ ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಮಗ ನಾನಲ್ಲ ಎಂದು ಶಲ್ಯ ಕೊಡವಿ ಹೊರಟೆ. ಇದು ಎರಡನೆಯ ಹಠ.

ಮದ್ದೂರಿಗೆ ಹೋದೆ. ಅಲ್ಲಿಯ ಪುರೋಹಿತರು ಕಾಲಿಗೆ ನೀರು ಕೊಟ್ಟು, ಕೂರಿಸಿ, ಮಜ್ಜಿಗೆ ಕೊಟ್ಟು, "ಜೋಯಿಸರು ಹೂಂ ಅಂದರೆ ನಾವೇನು, ಎದ್ದು ಬಂದ್ವಿ" ಎಂದರು. ಮಂಡ್ಯಕ್ಕೆ ಹೋದೆ. ನಾಲೆಯ ನೀರು ಬಂದು, ಕಬ್ಬು ಬಂದು, ಸಕ್ಕರೆ ಕಾರ್ಖಾನೆ ಬಂದು ಮಂಡ್ಯವೆಲ್ಲ ಹೊಸಬರಿಂದ ತುಂಬಿತ್ತು. ಇಲ್ಲಿ ಯಾರಿಗೆ ಯಾರ ವಿಷಯ ಗೊತ್ತು ಎಂಬ ಧೈರ್ಯ ನನಗೆ. ಒಬ್ಬ ಎಳೆಯ ಪುರೋಹಿತರು ತಕ್ಷಣ ಒಪ್ಪಿಕೊಂಡರು. ತಿಥಿ ಕೇಳಿದರು, ಗೋತ್ರ ಕೇಳಿದರು, ಕೆಲಸ ಎಲ್ಲಿ ಎಂದು ಕೇಳಿದರು. ಬ್ಲಫ್ ಎಂದೆ. ಅವರು ಪಂಚಾಂಗ ಮಡಿಚಿಟ್ಟು, "ಓಹೋ, ಆ ವೈನಿನ ರಾಯರು ತಾವೇನಾ?" ಎಂದು ಬಹಳ ಗೌರವದಿಂದ ಕೇಳಿದರು. ಗೌರವ ಇತ್ತು, ಆದರೆ ಬರುವುದಕ್ಕೆ ಮಾತ್ರ ಅವರಿಗೆ ಅಂದು ಬೇರೆ ಕೆಲಸವಿದೆಯೆಂದು ನೆನಪಾಯಿತು. ನಾನು ಬಸ್ಸಿನ ಧೂಳನ್ನೆಲ್ಲ ಕುಡಿದುಕೊಂಡು ಮಳವಳ್ಳಿಗೆ ವಾಪಸಾದೆ.

ಅಮ್ಮ ಹೂಬತ್ತಿ ಮಾಡುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು. "ನಿಮ್ಮಪ್ಪ ಊರಿಗೆಲ್ಲ ಬಡಿಸಿದೋರು. ಕಡೇ ಪಂಕ್ತಿ ಎದ್ದ ಮೇಲೆ ತಳದಲ್ಲಿ ಉಳಿದಿದ್ದು ಅವರ ಊಟ. ಎಷ್ಟೋ ಸಲ ಉಳೀತಾನೇ ಇರಲಿಲ್ಲ ಕಣೋ. ಒಂದು ಲೋಟ ನೀರು ಕುಡಿದು ನಡ್ಕೊಂಡು ಬಂದುಬಿಡೋರು. ಅವರಿಗೇ ಅಂತ ಮೊದಲು ಎಲೆ ಹಾಕಿ ಬಡಿಸೋದು ಈಗ, ವರ್ಷಕ್ಕೆ ಒಂದು ದಿನ. ಅದಕ್ಕೂ ನಿನ್ನ ಹಠಾನೇ ಅಡ್ಡ ಬರಬೇಕೇನೋ?"

ನನಗೆ ಅಳು ಬಂತು. ಗಂಡಸು, ಗುಮಾಸ್ತ, ವೈನಿನ ರಾಯ, ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಅತ್ತೆ. ಅಪ್ಪ ಹಸಿದುಕೊಂಡು ಬಾಗಿಲಿನಿಂದ ಹಿಂದಿರುಗಿ ಹೋಗುವ ಚಿತ್ರ ಕಣ್ಣಿಗೆ ಕಟ್ಟಿತು. ತರ್ಕವೆಲ್ಲ ನೀರಾಯಿತು. ಅಂದೇ ಜೋಯಿಸರಲ್ಲಿಗೆ ಹೋಗಿ ಅಡ್ಡಬಿದ್ದೆ. ಅವರೂ ದೊಡ್ಡವರು, ಬೆಳೆಸಲಿಲ್ಲ. ಶ್ರಾದ್ಧದ ಹಿಂದಿನ ದಿನ ಬೆಳಿಗ್ಗೆ ಪ್ರಾಯಶ್ಚಿತ್ತ, ಸಂಕಲ್ಪ ಸ್ನಾನ, ಹೊಸ ಜನಿವಾರ, ಪಂಚಗವ್ಯ ಎಂದು ಹೇಳಿ, "ನಿಮ್ಮಪ್ಪನ ಮುಖ ನೋಡಿ ಒಪ್ಪಿಕೊಂಡೆ" ಎಂದರು. ನಾನು ಬ್ಲಫ್‌ಗೆ ಹಿಂದಿರುಗಿ ಸರಸಳಿಗೆ ಎಲ್ಲವನ್ನೂ ಹೇಳಿದೆ. ಅವಳು ಪೆಟ್ಟಿಗೆಗೆ ಸೀರೆ ತುಂಬುತ್ತಿದ್ದಳು, ಸಹಾಯಕ್ಕೆಂದು ಮುಂಚೆಯೇ ಮಳವಳ್ಳಿಗೆ ಹೊರಡುವವಳು. ಕೇಳಿ, ಸೀರೆ ಮಡಿಸುತ್ತಲೇ ಹೇಳಿದಳು.

"ಅಲ್ಲಾ, ಕುಡಿಯದೇ ಇದ್ದು ಇಷ್ಟು ಹೆಸರು ತಂದುಕೊಂಡ್ರಲ್ಲ. ಕುಡಿದಾದರೂ ತಂದುಕೊಂಡಿದ್ದರೆ ಜೋಯಿಸರ ಶ್ರಮಕ್ಕೂ ಒಂದು ಅರ್ಥ ಇರ್ತಿತ್ತು."

ತಮಾಷೆಗೆ ಅಂದಳು. ಆದರೆ ಹೆಂಡತಿಯ ತಮಾಷೆಯನ್ನು ಕಡೆಗಣಿಸಬಾರದು. ನಾನು ಯೋಚಿಸುತ್ತಾ ಕೂತೆ. ಅವಳು ಹೇಳಿದ್ದರಲ್ಲಿ ಏನು ತಪ್ಪಿದೆ? ತಪ್ಪು ಮಾಡದೆ ಪ್ರಾಯಶ್ಚಿತ್ತ ಮಾಡಿಕೊಳ್ಳುವುದೆಂದರೆ ಬಸ್ಸು ಹತ್ತದೆ ಟಿಕೇಟು ಕೊಂಡ ಹಾಗೆ. ಸಂಕಲ್ಪ ಹೇಳುವಾಗ ನಾನು ದೇವರ ಮುಂದೆ, ಇಂಥ ಪಾಪ ಮಾಡಿದ್ದೇನೆ ಎಂದು ಒಪ್ಪಿಕೊಳ್ಳಬೇಕು. ಮಾಡಿಯೇ ಇಲ್ಲವೆಂದರೆ ಅದು ದೇವರ ಮುಂದೆ ಆಡಿದ ಸುಳ್ಳು. ಆ ಸುಳ್ಳಿಗೆ ಪ್ರಾಯಶ್ಚಿತ್ತ ಯಾರು ಮಾಡಿಸುತ್ತಾರೆ? ಇಷ್ಟಕ್ಕೂ ಅರ್ಧ ಕುಡಿದಾಗಿದೆ ಎಂದು ಜೋಯಿಸರೇ ತೀರ್ಪು ಕೊಟ್ಟಿದ್ದಾರೆ. ಇನ್ನರ್ಧವನ್ನು ಪೂರೈಸುವುದು ಬಿಟ್ಟರೆ ನನಗೆ ಬೇರೆ ಧರ್ಮಮಾರ್ಗವೇ ಕಾಣಲಿಲ್ಲ. "ಕುಡೀತೀನಿ" ಎಂದೆ. ಸರಸ ಸೀರೆ ಬಿಟ್ಟು, "ಅಯ್ಯೋ, ನಾನು ತಮಾಷೆಗೆ ಅಂದೆ ಕಣ್ರೀ!" ಎಂದಳು. "ನಾನು ತಮಾಷೆಗೆ ಕುಡೀತಾ ಇಲ್ಲ" ಎಂದೆ. ಇದು ಮೂರನೆಯ ಹಠ. ಬರೀ ಕುಡಿಯುವುದಲ್ಲ, ದೊರೆಗಳು ಹೇಳಿದ ಕ್ರಮದಲ್ಲಿ ಕುಡಿದು, ಅದರ ಸುಖವನ್ನು ಪೂರ್ತಿ ಅನುಭವಿಸಿಯೇ ಏಳಬೇಕೆಂದು ನಿಶ್ಚಯ ಮಾಡಿದೆ. ಸಿಕ್ಕುವುದೇ ಒಂದು ಗ್ಲಾಸು. ಒಂದು ತೊಟ್ಟೂ ದಂಡವಾಗಬಾರದು.

ಪ್ರಾಯಶ್ಚಿತ್ತದ ಹಿಂದಿನ ದಿನ ಮಧ್ಯಾಹ್ನ ಬಂಗಲೆಗೆ ಹೋಗಿ, "ಸರ್, ಇವತ್ತು ಯೆಸ್" ಎಂದೆ. ದೊರೆಗಳು ಕುರ್ಚಿಯಿಂದ ಎದ್ದುಬಿಟ್ಟರು. ಮುನಿಸ್ವಾಮಿಗೆ ಹೇಳಿ ತಮ್ಮ ಬಾಟಲಿಗಳಲ್ಲೆಲ್ಲ ಒಳ್ಳೆಯದನ್ನು ತರಿಸಿದರು. ಮುನಿಸ್ವಾಮಿ ನನ್ನ ಕಡೆ ನೋಡಿದ ನೋಟದಲ್ಲಿ, ಇವನೂ ಕೆಟ್ಟನಲ್ಲ ಎಂಬ ದುಃಖವಿತ್ತು. ಜಗಲಿಯ ಮೇಲೆ ಎರಡು ಕುರ್ಚಿ ಹಾಕಿಸಿದರು. ಅವರ ಸರಿಸಮಕ್ಕೆ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಗ್ಲಾಸು ಹಿಡಿದೆ. ಬಿಸಿಲಿಗೆ ಎತ್ತಿ ನೋಡಿದೆ, ಕುಂಕುಮ ಕದಡಿದ ಬಣ್ಣ. ತಿರುಗಿಸಿದೆ, ಸ್ವಲ್ಪ ಪಂಚೆಯ ಮೇಲೆ ಚೆಲ್ಲಿತು. ಮೂಗಿಗೆ ಹಿಡಿದೆ. ಆಹಾ, ಅಲ್ಲಿ ಎಲ್ಲವೂ ಇತ್ತು. ನೇರಳೆ, ಬೀಟೆ, ಏಲಕ್ಕಿಯ ಸಿಪ್ಪೆ, ಹೊಸ ಬೆಲ್ಲ. ಕಣ್ಣು ಮುಚ್ಚಿ ದೊಡ್ಡ ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಿದೆ.

ರಾಮ ರಾಮ! ಮೂಗು ಹೇಳಿದ್ದರಲ್ಲಿ ಒಂದೂ ಅಲ್ಲಿರಲಿಲ್ಲ. ಎಳೆ ಬಾಳೆಕಾಯಿಯನ್ನು ಹಸಿಯಾಗಿ ಕಚ್ಚಿದಂಥ ಒಗರು. ನಾಲಿಗೆ ಒಳಕ್ಕೆ ಸುರುಟಿಕೊಂಡಿತು. ದೊರೆಗಳು ನನ್ನ ಮುಖವನ್ನೇ ನೋಡುತ್ತಿದ್ದರು. ಉಗಿಯುವುದಕ್ಕೆ ಕಿಟಕಿ ಕೂಡ ಹತ್ತಿರವಿರಲಿಲ್ಲ. ನುಂಗಿದೆ. ಸುಖಪಡಲೇಬೇಕೆಂದು ಎರಡನೆಯ ಗುಟುಕು ಹಾಕಿದೆ. ಒಗರಿನ ಹಿಂದೆ ಏನೋ ಬೆಚ್ಚಗೆ ಇಳಿಯಿತು. ಮೂರನೆಯದಕ್ಕೆ ಆ ಬೆಚ್ಚಗಿನದು ಎದೆಯಲ್ಲಿ ಕೂತಿತು, ಹಲ್ಲು ಕಚ್ಚಿದ್ದದ್ದು ಸಡಿಲವಾಯಿತು. ಕೆಳಗೆ ನದಿ ಬೋರ್ಗರೆಯುತ್ತಿತ್ತು. ನಾನು ಯಾಕೋ ದೊರೆಗಳಿಗೆ ಅಪ್ಪನ ವಿಷಯ ಹೇಳತೊಡಗಿದೆ. ನನ್ನ ಮುರುಕು ಇಂ‌ಗ್ಲಿಷಿನಲ್ಲಿ ಕೊಳದಪ್ಪಲೆ, ಕೋಡಿ ಒಲೆ, ಒಂದು ಹಿಡಿ ಉಪ್ಪು, ಕಡೇ ಪಂಕ್ತಿ, ಒಂದು ಲೋಟ ನೀರು, ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ದೊರೆಗಳು ಎದ್ದು ನಿಂತು, ಗ್ಲಾಸು ಎತ್ತಿ, "ನಿಮ್ಮ ತಂದೆಯವರಿಗೆ" ಎಂದು ಕುಡಿದರು. ಅದು ಅವರ ಕಡೆಯ ಪದ್ಧತಿಯಂತೆ. ಆ ವರ್ಷ ನಮ್ಮಪ್ಪನಿಗೆ ಮೊದಲು ತರ್ಪಣ ಬಿಟ್ಟವರು ಅವರೇ. ನಾನು ಕಣ್ಣೊರೆಸಿಕೊಂಡು ಗ್ಲಾಸು ಖಾಲಿ ಮಾಡಿದೆ.

ಬಾಯಿ ತುಂಬ ಎಲೆಯಡಿಕೆ, ಅದರ ಮೇಲೆ ಹಿಡಿ ಏಲಕ್ಕಿ ಹಾಕಿಕೊಂಡು ಸಂಜೆಯ ಬಸ್ಸಿಗೆ ಮಳವಳ್ಳಿ ಸೇರಿದೆ. ಅಮ್ಮ ಕಾಲಿಗೆ ನೀರು ಕೊಟ್ಟು, "ಊಟ ಮಾಡ್ತೀಯೇನೋ?" ಎಂದರು. ಹಸಿವಿಲ್ಲವೆಂದೆ. ಅವರು "ಹೂಂ" ಎಂದರು, ಅಷ್ಟೇ. ಬೆಳಿಗ್ಗೆ ಜೋಯಿಸರು ಬಂದರು. ಸಂಕಲ್ಪದಲ್ಲಿ ಪಾಪ ಮಾಡಿದ್ದೇನೆಂದು ಹೇಳುವಾಗ ನನ್ನ ದನಿ ಗಟ್ಟಿಯಾಗಿತ್ತು, ಸತ್ಯವಂತನ ದನಿ. ತಣ್ಣೀರು ಸ್ನಾನವಾಯಿತು, ಜನಿವಾರ ಬದಲಾಯಿತು. ಜೋಯಿಸರು ಹಾಲು, ಮೊಸರು, ತುಪ್ಪ, ಗಂಜಲ, ಗೋಮಯಗಳನ್ನು ಬೆರೆಸಿದ ಪಂಚಗವ್ಯವನ್ನು ನನ್ನ ಅಂಗೈಗೆ ಹಾಕಿದರು. ನನ್ನ ಕೈ ತಾನಾಗಿ ದೂರ ಚಾಚಿತು. ಮುಖ ಬೇರೆ ಕಡೆ ತಿರುಗಿತು. ಬಾಯಿ ಅಂದುಬಿಟ್ಟಿತು.

"ಜೋಯಿಸರೆ, ತುಪ್ಪ ಕಮಟು ಬಂದಿದೆ."

ತುಪ್ಪ ಅವರ ಮನೆಯಿಂದಲೇ ತಂದದ್ದು. ಜೋಯಿಸರು ಕೆಂಪಾಗಿ, "ನುಂಗಯ್ಯ! ನಿನ್ನ ಅಭಿಪ್ರಾಯ ಯಾರು ಕೇಳಿದರು?" ಎಂದು ಗರ್ಜಿಸಿದರು. ನುಂಗಿದೆ. ಇದನ್ನು ನಾಲಿಗೆಯ ಮೇಲೆ ನಿಲ್ಲಿಸಿಕೊಳ್ಳಬೇಕೆಂದು ಯಾವ ದೊರೆಯೂ ಹೇಳಿರಲಿಲ್ಲ, ಆದ್ದರಿಂದ ನಿಲ್ಲಿಸಿಕೊಳ್ಳಲಿಲ್ಲ.

ಮಾರನೆಯ ದಿನ ಶ್ರಾದ್ಧ ಸಾಂಗವಾಗಿ ನಡೆಯಿತು. ಸರಸ ಮತ್ತು ಅಮ್ಮ ಮಡಿಯಲ್ಲಿ ಮಾಡಿದ ಅಡಿಗೆ ಅಪ್ಪನ ಕೈಯದರಷ್ಟೇ ಚೆನ್ನಾಗಿತ್ತು. ಜೋಯಿಸರು ವಡೆಯನ್ನು ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡರು. ತುಪ್ಪ ಬಡಿಸುವಾಗ ಮಾತ್ರ ನನ್ನ ಮುಖ ನೋಡಲಿಲ್ಲ. ಪಿಂಡ ಇಟ್ಟ ತಕ್ಷಣ ಕಾಗೆ ಬಂತು. ಅಮ್ಮ ಬಾಗಿಲ ಸಂದಿಯಲ್ಲಿ ನಿಂತು ನೋಡಿ, ಸೆರಗಿನಿಂದ ಕಣ್ಣೊತ್ತಿಕೊಂಡು, "ಉಂಡರು" ಎಂದರು. ಆ ಒಂದು ಮಾತಿಗೆ ನಾನು ಇನ್ನೂ ಒಂದು ಬೊಗಸೆ ಪಂಚಗವ್ಯ ಕುಡಿಯಲು ತಯಾರಿದ್ದೆ.

ಎಲ್ಲರೂ ಹೋದ ಮೇಲೆ ಮಧ್ಯಾಹ್ನ ಅಮ್ಮ ಊಟ ಮುಗಿಸಿ ಬಂದು ನಡುಮನೆಯ ಕಂಬಕ್ಕೆ ಒರಗಿ ಕೂತರು. ಮುಖದಲ್ಲಿ ಬಹಳ ದಿನದ ಮೇಲೆ ನೆಮ್ಮದಿ. ನಾನು ಚಾಪೆಯ ಮೇಲೆ ಕಾಲು ಚಾಚಿದ್ದೆ. ಅವರು ಯಾವುದೋ ಸಾಮಾನಿನ ವಿಷಯ ಕೇಳುವ ಹಾಗೆ ಕೇಳಿದರು.

"ಇಷ್ಟೆಲ್ಲ ರಾದ್ಧಾಂತ ಆಯಿತಲ್ಲ, ರುಚಿಯಾದರೂ ಇತ್ತೇನೋ ಅದು?"

ನಾನು ಎದ್ದು ಕೂತೆ. "ಯಾವುದಮ್ಮಾ?"

"ನಾನು ಅಡಿಗೆ ರಂಗಣ್ಣನ ಹೆಂಡತಿ ಕಣೋ. ಏಲಕ್ಕಿ ಯಾವುದು, ಏಲಕ್ಕಿ ಕೆಳಗಿರೋದು ಯಾವುದು ಅಂತ ನನಗೆ ಗೊತ್ತಾಗಲ್ವೆ? ಹೇಳು, ಹೇಗಿತ್ತು?"

ಬಂಗಲೆಯ ಅತಿಥಿಗಳಿಗೆ ಒಂದೊಂದು ಬಾಟಲಿಗೂ ಪುರಾಣ ಹೇಳಿದವನು ನಾನು. ಈಗ ಹುಡುಕಿದರೆ ಒಂದು ಮಾತೂ ಸಿಕ್ಕಲಿಲ್ಲ. ಅಮ್ಮನ ಮುಂದೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಪರವಾಗಿಲ್ಲಮ್ಮ" ಎಂದೆ.

ಅಮ್ಮ ಕಂಬ ಬಿಟ್ಟು ನೆಟ್ಟಗೆ ಕೂತರು. "ಪರವಾಗಿಲ್ಲ? ಬರೀ ಪರವಾಗಿಲ್ಲ ಅನ್ನೋ ವಸ್ತುವಿಗೆ ಗಂಜಲ ಕುಡಿದೆಯಲ್ಲೋ, ಪೆದ್ದೇ!"

ಅಡಿಗೆಮನೆಯಲ್ಲಿ ಸರಸ ನಕ್ಕದ್ದು ಬೀದಿಗೂ ಕೇಳಿಸಿರಬೇಕು. ನಾನು ಮುಸುಕೆಳೆದು ಮಲಗಿದೆ. ಮುಂದೆಂದಾದರೂ ಪ್ರಾಯಶ್ಚಿತ್ತ ಮಾಡಿಕೊಳ್ಳುವುದಾದರೆ ನಿಜವಾಗಿ ರುಚಿಯಾದ ಒಂದು ತಪ್ಪಿಗೇ ಮಾಡಿಕೊಳ್ಳಬೇಕೆಂದು ಮುಸುಕಿನೊಳಗೇ ಹಠ ತೊಟ್ಟೆ. ಅಂದಿನಿಂದ ಹುಡುಕುತ್ತಲೇ ಇದ್ದೇನೆ. ಗುಮಾಸ್ತನ ಸಂಬಳಕ್ಕೆ ಅಂಥದ್ದು ಇನ್ನೂ ಒಂದೂ ಸಿಕ್ಕಿಲ್ಲ.